ಪಶ್ಚಿಮ ಘಟ್ಟದ ಝೋನ್ ಗಲಾಟೆ: ಯಾವ ಗೆರೆ ಯಾರನ್ನ ತಡೆಯುತ್ತೆ?

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರ ಪರಿಸರ ಸಚಿವಾಲಯ 2014ರಿಂದ 2024ರ ಒಳಗೆ ಆರು ಸಲ ಕರಡು ಅಧಿಸೂಚನೆ ಹೊರಡಿಸಿದೆ, ಒಂದೂ ಅಂತಿಮ ಆಗಿಲ್ಲ. ಆರನೇದು ಬಂದಿದ್ದು 2024ರ ಜುಲೈ 31ಕ್ಕೆ, ಅದಾಗಿ ಎರಡು ತಿಂಗಳು ತುಂಬೋದ್ರೊಳಗೆ ಸೆಪ್ಟೆಂಬರ್ 26ಕ್ಕೆ ಕರ್ನಾಟಕದ ಸಚಿವ ಸಂಪುಟ ನಮಗಿದು ಬೇಡವೇ ಬೇಡ ಅಂತ ತೀರ್ಮಾನ ಮಾಡ್ತು. ಆದ್ರೂ ಈ ವಿಷಯ ಮತ್ತೆ ಸುದ್ದಿಗೆ ಬಂದಾಗೆಲ್ಲ ಮಲೆನಾಡಿನ ವಾಟ್ಸಾಪ್ ಗ್ರೂಪುಗಳಲ್ಲಿ ಹಳ್ಳಿಗಳ ಪಟ್ಟಿಯ ಪಿಡಿಎಫ್ ಓಡಾಡೋಕೆ ಶುರು, ಜೊತೆಗೆ ಮನೆ ಕಟ್ಟಂಗಿಲ್ಲ, ತೋಟಕ್ಕೆ ಔಷಧಿ ಹೊಡೆಯಂಗಿಲ್ಲ, ರಾತ್ರಿ ಗಾಡಿ ಓಡಿಸಂಗಿಲ್ಲ, ಕೊನೆಗೆ ಒಕ್ಕಲೆಬ್ಬಿಸ್ತಾರೆ ಅನ್ನೋ ಮೆಸೇಜುಗಳು. ಇದರಲ್ಲಿ ಒಂದೊಂದು ಮಾತಿಗೂ ಎಲ್ಲೋ ಒಂದು ಮೂಲ ಇದೆ, ಪೂರ್ತಿ ಗಾಳಿಸುದ್ದಿ ಅಂತ ತಳ್ಳಿಹಾಕೋಕೆ ಆಗಲ್ಲ, ಆದ್ರೆ ಮೂಲಗಳು ಬೇರೆಬೇರೆ, ಕಾನೂನುಗಳೂ ಬೇರೆಬೇರೆ, ಎಲ್ಲಾನೂ ಒಂದೇ ಝೋನ್ ಅಂತ ಕರೆದಿರೋದ್ರಿಂದ ಇಷ್ಟು ಗೊಂದಲ ಆಗಿರೋದು.

ಒಂದೇ ಬೆಟ್ಟದ ಮೇಲೆ ಎಷ್ಟು ಗೆರೆ

ಮೊದಲನೇ ಗೆರೆ, ಹುಲಿ ಸಂರಕ್ಷಿತ ಪ್ರದೇಶದ ಕೋರ್ (ಒಳಗಿನ ಬಿಗಿ ರಕ್ಷಣೆಯ ಕಾಡು) ಮತ್ತು ಬಫರ್ (ಅದರ ಸುತ್ತಲಿನ ಜಾಗ). ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯಿಂದ ಬಂದಿದ್ದು. ಕರ್ನಾಟಕದಲ್ಲಿ ಇಂಥ ಐದು ಇವೆ: ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಆರ್‌ಟಿ (ಬಿಳಿಗಿರಿರಂಗನ ಬೆಟ್ಟ). ಜನರನ್ನ ಜಾಗ ಬಿಡಿಸಿ ಬೇರೆ ಕಡೆ ಕಳಿಸೋ ಮಾತು ಬರೋದು ಮುಖ್ಯವಾಗಿ ಈ ಕೋರ್ ವಿಚಾರದಲ್ಲಿ, ಅದೂ ಕಾನೂನಿನ ಪ್ರಕಾರ ಗ್ರಾಮಸಭೆ ಒಪ್ಪಿ, ಅಲ್ಲಿನವರ ಅರಣ್ಯ ಹಕ್ಕು ಇತ್ಯರ್ಥ ಆದ ಮೇಲೆ, ಸ್ವಇಚ್ಛೆಯಿಂದ ಆಗಬೇಕು. ಹಾಗೇ ನಡೆದಿದೆಯಾ ಅನ್ನೋದೇ ನಾಗರಹೊಳೆಯ ಜೇನುಕುರುಬರ ಹೋರಾಟದ ಪ್ರಶ್ನೆ. ಬಿಆರ್‌ಟಿಯ ಸೋಲಿಗರಿಗೆ ಮಾತ್ರ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ತು.

ಎರಡನೇದು, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯದ ಗಡಿ ಹೊರಗೆ ಸುತ್ತಲೂ ಪಟ್ಟಿಯ ಹಾಗೆ ಬರೋ ಇಎಸ್‌ಝಡ್, ಅಂದ್ರೆ ಪರಿಸರ ಸೂಕ್ಷ್ಮ ವಲಯ. ಇದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬರುತ್ತೆ. ಬಂಡೀಪುರಕ್ಕೆ 2012ರಲ್ಲೇ ಆಗಿದೆ. ಬನ್ನೇರುಘಟ್ಟದ್ದು 268.96 ಚದರ ಕಿಲೋಮೀಟರ್ ಅಂತ ಮೊದಲ ಕರಡಲ್ಲಿ ಇದ್ದಿದ್ದು 168.84ಕ್ಕೆ ಇಳಿದು 2020ರಲ್ಲಿ ಅಂತಿಮ ಆಯ್ತು, ಬೆಂಗಳೂರಿನ ಪರಿಸರದವರು ಅದರ ಮೇಲೆ ಇನ್ನೂ ಸಿಟ್ಟಲ್ಲೇ ಇದ್ದಾರೆ. ಇಲ್ಲಿ ಗಣಿಗಾರಿಕೆ, ಗರಗಸದ ಮಿಲ್ಲು, ಮಾಲಿನ್ಯದ ಕೈಗಾರಿಕೆಗಳಿಗೆ ನಿಷೇಧ, ರೆಸಾರ್ಟ್, ಮರ ಕಡಿಯೋದು ಇಂಥವಕ್ಕೆ ನಿಯಂತ್ರಣ. 2022ರ ಜೂನ್ 3ರಂದು ಸುಪ್ರೀಂ ಕೋರ್ಟ್ ಎಲ್ಲಾ ಕಡೆ ಕನಿಷ್ಠ ಒಂದು ಕಿಲೋಮೀಟರ್ ಇಎಸ್‌ಝಡ್ ಇರಲೇಬೇಕು ಅಂದಾಗ ಕೇರಳದಲ್ಲಿ ಹರತಾಳಗಳೇ ಆದವು, ಆಮೇಲೆ 2023ರ ಏಪ್ರಿಲ್ 26ಕ್ಕೆ ಕೋರ್ಟ್ ತಾನೇ ಅದನ್ನ ಸಡಿಲ ಮಾಡ್ತು, ಒಂದೇ ಅಳತೆ ಎಲ್ಲಾ ಕಡೆ ನಡೆಯಲ್ಲ ಅಂತ. ಆದ್ರೆ ಸಂರಕ್ಷಿತ ಕಾಡಿನೊಳಗೂ ಅದರ ಗಡಿಯಿಂದ ಒಂದು ಕಿಲೋಮೀಟರ್ ತನಕವೂ ಗಣಿಗಾರಿಕೆ ಇಲ್ಲ ಅನ್ನೋದು ಹಾಗೇ ಉಳೀತು.

ಮೂರನೇದು ನಾವು ಮಾತಾಡ್ತಿರೋ ಇಎಸ್‌ಎ, ಅಂದ್ರೆ ಕೇಂದ್ರ ಮಾಡಿದ ಕಸ್ತೂರಿರಂಗನ್ ಸಮಿತಿಯ ವರದಿಯಲ್ಲಿ (ಅದರ ಕಥೆ ಮುಂದೆ ಬರುತ್ತೆ) ಹೇಳಿದ ಪರಿಸರ ಸೂಕ್ಷ್ಮ ಪ್ರದೇಶ. ಕಾಯ್ದೆ 1986ರದ್ದೇ, ಆದ್ರೆ ಇದು ಯಾವುದೋ ಒಂದು ಅಭಯಾರಣ್ಯದ ಸುತ್ತಲಿನ ಪಟ್ಟಿ ಅಲ್ಲ, ಆರು ರಾಜ್ಯಗಳಲ್ಲಿ ಹರಡಿರೋ 56,825.7 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು 20,668, ಮೂರನೇ ಒಂದಕ್ಕಿಂತ ಜಾಸ್ತಿ, ಆರು ರಾಜ್ಯಗಳಲ್ಲಿ ನಮ್ಮದೇ ದೊಡ್ಡದು. ಬೆಳಗಾವಿಯಿಂದ ಚಾಮರಾಜನಗರದವರೆಗೆ ಹತ್ತು ಜಿಲ್ಲೆ, ಒಂದೂವರೆ ಸಾವಿರದ ಆಸುಪಾಸು ಹಳ್ಳಿ, ಅತಿ ಹೆಚ್ಚು ಉತ್ತರ ಕನ್ನಡ, ಅದರ ನಂತರ ಶಿವಮೊಗ್ಗ.

ಇನ್ನು 2012ರ ಯುನೆಸ್ಕೋ ಪಟ್ಟ ಇದೆಯಲ್ಲ, ಘಟ್ಟದ 39 ತಾಣಗಳಿಗೆ ಸಿಕ್ಕಿದ್ದು, ಅದರಲ್ಲಿ ಹತ್ತು ನಮ್ಮ ರಾಜ್ಯದಲ್ಲಿವೆ, ಅದಕ್ಕೆ ಅಂತಲೇ ಪ್ರತ್ಯೇಕ ಕಾನೂನು ಏನೂ ಬಂದಿಲ್ಲ. ಕರಾವಳಿಯವರಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಬೇರೆ. ಇವು ಒಂದರ ಮೇಲೊಂದು ಬೀಳೋದೂ ಉಂಟು, ಹಾಗಾಗಿ ನಮ್ಮೂರು ಝೋನ್‌ನಲ್ಲಿ ಇದೆಯಾ ಅಂತ ಕೇಳಿದ್ರೆ ಉತ್ತರ ಸಿಗಲ್ಲ, ಯಾವ ಕಾಯ್ದೆಯ ಗೆರೆ ಅಂತ ಕೇಳಬೇಕು.

ರಾತ್ರಿ ಗಾಡಿ ವಿಷಯವನ್ನೇ ತಗೊಳಿ. ಬಂಡೀಪುರದ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದು 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಆದೇಶದಿಂದ, ಅದೂ ಮೋಟಾರು ವಾಹನ ಕಾಯ್ದೆಯಡಿ, ಆಮೇಲೆ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಕಸ್ತೂರಿರಂಗನ್ ಸಮಿತಿ ಆಗ ಹುಟ್ಟೇ ಇರಲಿಲ್ಲ. ಆದ್ರೂ ಕರಡು ಬಂದಾಗೆಲ್ಲ ನಮ್ಮ ಘಾಟಿಯಲ್ಲೂ ರಾತ್ರಿ ಗೇಟ್ ಹಾಕ್ತಾರಂತೆ ಅನ್ನೋ ಸುದ್ದಿ ಬಂದೇ ಬರುತ್ತೆ.

ಗಾಡ್ಗೀಳ್ ಬರೆದಿದ್ದು ಕಸ್ತೂರಿರಂಗನ್ ತಲೆಗೆ

ಔಷಧಿ ಹೊಡೆಯಂಗಿಲ್ಲ ಅನ್ನೋದು ಎಲ್ಲಿಂದ ಬಂತು? 2010ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದಲ್ಲಿ ಒಂದು ಸಮಿತಿ ಆಯ್ತು, 2011ರಲ್ಲಿ ವರದಿ ಕೊಡ್ತು. ಅವರು ಘಟ್ಟ ಪೂರ್ತಿಯನ್ನ ಸೂಕ್ಷ್ಮ ಅಂತ ತಗೊಂಡು ಅದರಲ್ಲಿ ಮೂರು ಝೋನ್ ಮಾಡಿದ್ರು, ಒಂದನೇದು ಅತ್ಯಂತ ಬಿಗಿ, ಮೂರನೇದು ಸಡಿಲ. ಆ ವರದಿಯಲ್ಲಿ ರಾಸಾಯನಿಕ ಕೀಟನಾಶಕ, ಕಳೆನಾಶಕಗಳನ್ನ ಒಂದನೇ ಝೋನ್‌ನಲ್ಲಿ ಐದು ವರ್ಷ, ಎರಡನೇದ್ರಲ್ಲಿ ಎಂಟು, ಮೂರನೇದ್ರಲ್ಲಿ ಹತ್ತು ವರ್ಷದಲ್ಲಿ ನಿಲ್ಲಿಸಬೇಕು ಅಂತ ಇತ್ತು. ಕುಲಾಂತರಿ ಬೆಳೆ ಬೇಡ, ಒಂದನೇ ಝೋನ್‌ನಲ್ಲಿ ದೊಡ್ಡ ಅಣೆಕಟ್ಟು ಬೇಡ, ಕೃಷಿ ಭೂಮಿಯನ್ನ ಬೇರೆ ಉದ್ದೇಶಕ್ಕೆ ಬದಲಾಯಿಸಬೇಡಿ ಅಂತಾನೂ ಇತ್ತು. ಜೊತೆಗೇ, ಕೊನೇ ಮಾತು ಗ್ರಾಮಸಭೆಗಳದ್ದೇ ಆಗಬೇಕು ಅಂತಲೂ ಗಾಡ್ಗೀಳ್ ಬಲವಾಗಿ ಹೇಳಿದ್ರು, ಅದನ್ನ ಮಾತ್ರ ಯಾವ ಮೆಸೇಜೂ ಫಾರ್ವರ್ಡ್ ಮಾಡಲ್ಲ.

ರಾಜ್ಯಗಳು ಇದು ಆಗೋ ಹೋಗೋ ಮಾತಲ್ಲ ಅಂದ್ವು. ಆಗ 2012ರಲ್ಲಿ ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ಸಮಿತಿ. ಅವರು ಉಪಗ್ರಹ ಚಿತ್ರ ಇಟ್ಕೊಂಡು ಘಟ್ಟವನ್ನ ಎರಡು ಭಾಗ ಮಾಡಿದ್ರು: ಜನವಸತಿ, ಗದ್ದೆ, ತೋಟ ಇರೋ ಜಾಗ ಒಂದು ಕಡೆ, ನೈಸರ್ಗಿಕ ಜಾಗ ಇನ್ನೊಂದು ಕಡೆ. ನೈಸರ್ಗಿಕ ಅಂತ ಬಂದಿದ್ದು ಶೇಕಡಾ 41ರಷ್ಟು, ಅದರಲ್ಲೂ ಜನಸಾಂದ್ರತೆ ಕಮ್ಮಿ ಇದ್ದು ಜೀವವೈವಿಧ್ಯ ಜಾಸ್ತಿ ಇರೋ ಶೇಕಡಾ 37ರಷ್ಟು ಜಾಗವನ್ನ ಮಾತ್ರ ಸೂಕ್ಷ್ಮ ಅಂದ್ರು. ಕೃಷಿ ಹೇಗೆ ಮಾಡಬೇಕು ಅನ್ನೋ ಷರತ್ತುಗಳು ನಿಷೇಧದ ಪಟ್ಟಿಯಿಂದ ಬಿದ್ದುಹೋದವು. ಕರಡುಗಳು ಬಂದಿರೋದು ಈ ಎರಡನೇ ವರದಿ ಮೇಲೆ. ಆದ್ರೆ ಭಯ ಮಾತ್ರ ಮೊದಲನೇ ವರದಿಯದ್ದೇ ಉಳ್ಕೊಂಡಿದೆ.

ಕರಡಲ್ಲಿ ನಿಜವಾಗಿ ಇರೋದು

ನಿಷೇಧದ ಪಟ್ಟಿ ದೊಡ್ಡದೇನಿಲ್ಲ. ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯೋದು ಪೂರ್ತಿ ಬಂದ್, ಈಗ ನಡೀತಿರೋವು ಅಂತಿಮ ಅಧಿಸೂಚನೆ ಆದ ಐದು ವರ್ಷದಲ್ಲಿ ಇಲ್ಲಾ ಲೀಸ್ ಮುಗಿದಾಗ, ಯಾವುದು ಮೊದಲೋ ಆಗ ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ. ಮಾಲಿನ್ಯದಲ್ಲಿ ಕೆಂಪು ವರ್ಗಕ್ಕೆ, ಅಂದ್ರೆ ತುಂಬಾ ಮಾಲಿನ್ಯ ಮಾಡೋ ವರ್ಗಕ್ಕೆ ಸೇರಿದ ಹೊಸ ಕೈಗಾರಿಕೆ ಇಲ್ಲ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡ ಇಲ್ಲ. 50 ಹೆಕ್ಟೇರ್ ಅಥವಾ ಒಂದೂವರೆ ಲಕ್ಷ ಚದರ ಮೀಟರ್ ಕಟ್ಟಡದಷ್ಟು ದೊಡ್ಡ ಟೌನ್‌ಶಿಪ್ ಇಲ್ಲ.

20,000 ಚದರ ಮೀಟರ್ ಅಂದ್ರೆ ಹೆಚ್ಚುಕಮ್ಮಿ 2 ಲಕ್ಷ 15 ಸಾವಿರ ಚದರ ಅಡಿ. ಮಲೆನಾಡಲ್ಲಿ ಚೆನ್ನಾಗಿ ಕಟ್ಟಿಸಿದ ಮನೆ ಅಂದ್ರೂ ಎರಡು ಸಾವಿರ ಚದರ ಅಡಿ ಆಗಬಹುದು, ಅಂಥ ನೂರು ಮನೆ ಒಟ್ಟು ಸೇರಿಸಿದ್ರೂ ಈ ಮಿತಿ ಮುಟ್ಟಲ್ಲ. ಇರೋ ಮನೆ ರಿಪೇರಿ, ವಿಸ್ತರಣೆ, ನವೀಕರಣಕ್ಕೆ ತಡೆ ಇಲ್ಲ ಅಂತ ಕರಡಲ್ಲೇ ಬರೆದಿದೆ. ಅಡಿಕೆ, ಕಾಫಿ, ಏಲಕ್ಕಿ, ಭತ್ತ ಬೆಳೆಯೋದು ನಿಷೇಧದ ಪಟ್ಟಿಯಲ್ಲಿ ಇಲ್ಲ. ಜಮೀನಿನ ಒಡೆತನ ಸರ್ಕಾರಕ್ಕೆ ಹೋಗೋ ಪ್ರಶ್ನೆಯೂ ಇಲ್ಲ, ಯಾಕಂದ್ರೆ ಇದು ಅರಣ್ಯ ಕಾಯ್ದೆಯ ಅಧಿಸೂಚನೆ ಅಲ್ಲ, ಪಹಣಿಯಲ್ಲಿ ಹೆಸರು ಬದಲಾಗಲ್ಲ.

ಹಾಗಂತ ಹಳ್ಳಿಯವರಿಗೆ ಏನೂ ಬಿಸಿ ತಟ್ಟಲ್ಲ ಅಂತ ಹೇಳಿದ್ರೆ ಅದೂ ಪೂರ್ತಿ ಸರಿ ಅಲ್ಲ. ಮನೆ ಕಟ್ಟೋಕೆ ತಡೆ ಇಲ್ಲ, ಆದ್ರೆ ಕಲ್ಲು ಮತ್ತು ಮರಳಿಗೆ ತಡೆ ಇದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಗೋಡೆ ಏಳೋದು ಕೆಂಪು ಕಲ್ಲಿನಿಂದ, ಪಾಯಕ್ಕೆ ಶಿಲೆಕಲ್ಲು, ಗಾರೆಗೆ ಹೊಳೆ ಮರಳು. ಹತ್ತಿರದ ಕ್ವಾರಿ ಮುಚ್ಚಿದ್ರೆ ದೂರದಿಂದ ಲಾರಿಯಲ್ಲಿ ತರಿಸಬೇಕು, ಬಾಡಿಗೆ ಏರುತ್ತೆ, ಅದರ ಹೊರೆ ಬೀಳೋದು ಸಾಲ ಮಾಡಿ ಒಂದು ಮನೆ ಕಟ್ಟಿಸೋನ ಮೇಲೆ, ಅಷ್ಟೇ ಅಲ್ಲ, ಕಲ್ಲು ಕಡಿಯೋ ಕೂಲಿಯವರ ಮೇಲೆ. ಕರಡಿನ ವಿರುದ್ಧ ಹೇಳೋಕೆ ಇರೋ ಗಟ್ಟಿಯಾದ ವಾದ ಇದು, ಆದ್ರೆ ಒಕ್ಕಲೆಬ್ಬಿಸೋ ಗದ್ದಲದಲ್ಲಿ ಇದು ಕೇಳಿಸೋದೇ ಕಮ್ಮಿ.

ಇನ್ನೊಂದು ಕಡೆಯಿಂದ ನೋಡಿದ್ರೆ ಕರಡು ತೀರಾ ಸಾಧು. ಜಲವಿದ್ಯುತ್ ಯೋಜನೆಗೆ ನಿಷೇಧ ಇಲ್ಲ, ಬೇಸಿಗೆಯಲ್ಲಿ ಹೊಳೆಯಲ್ಲಿ ಕನಿಷ್ಠ ಶೇಕಡಾ 30ರಷ್ಟು ಹರಿವು ಬಿಡಬೇಕು ಅನ್ನೋ ಥರದ ಷರತ್ತುಗಳಿವೆ ಅಷ್ಟೇ. ಹೆದ್ದಾರಿ ಅಗಲ ಮಾಡೋದಕ್ಕೂ ನಿಷೇಧ ಇಲ್ಲ, ಪರಿಸರ ಅನುಮತಿ ಕೊಡುವಾಗ ಬಿಗಿಯಾಗಿ ಪರಿಶೀಲನೆ ಮಾಡಿ ಅನ್ನುತ್ತೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದಿದ್ದು ಹೆದ್ದಾರಿ 66ರ ಮೇಲೆ, ರಸ್ತೆಗೆ ಅಂತ ಗುಡ್ಡದ ಬುಡ ಕಡಿದಿದ್ದ ಜಾಗದಲ್ಲಿ. ಅಂಥ ಕಡಿತವನ್ನ ಇಎಸ್‌ಎ ನೇರವಾಗಿ ತಡೆಯಲ್ಲ. ಹತ್ತು ಸಾವಿರ ಚದರ ಅಡಿಯ ರೆಸಾರ್ಟನ್ನ ಇಳಿಜಾರಿನ ಮೇಲೆ ಜೆಸಿಬಿಯಿಂದ ಮಣ್ಣು ತೆಗೆಸಿ ಕಟ್ಟಿದ್ರೆ ಅದನ್ನೂ ಈ ಪಟ್ಟಿ ಮುಟ್ಟಲ್ಲ. ಪರಿಸರದವರು ಇದನ್ನ ಹಲ್ಲಿಲ್ಲದ ಕಾನೂನು ಅಂತಾರೆ, ಬೆಳೆಗಾರರು ಉರುಳು ಅಂತಾರೆ, ಕರಡನ್ನ ಓದಿದ್ರೆ ಪರಿಸರದವರ ಮಾತೇ ಸತ್ಯಕ್ಕೆ ಹತ್ತಿರ ಇದೆ ಅನ್ನಿಸುತ್ತೆ.

ಇಡೀ ಹಳ್ಳಿಯೇ ಯಾಕೆ ಸೇರುತ್ತೆ

ಗೆರೆ ಎಳೆದ ರೀತಿಯಲ್ಲಿ ಒಂದು ನಿಜವಾದ ತೊಡಕು ಇದೆ. ಉಪಗ್ರಹಕ್ಕೆ ಕಾಡು ಕಾಣುತ್ತೆ, ಸರ್ವೆ ನಂಬರ್ ಕಾಣಲ್ಲ. ಹಾಗಾಗಿ ಸಮಿತಿ ಗ್ರಾಮವನ್ನೇ ಅಳತೆಯ ಘಟಕ ಮಾಡ್ಕೊಳ್ತು: ಒಂದು ಕಂದಾಯ ಗ್ರಾಮದ ಜಾಗದಲ್ಲಿ ಶೇಕಡಾ 20 ಅಥವಾ ಅದಕ್ಕಿಂತ ಜಾಸ್ತಿ ಸೂಕ್ಷ್ಮ ಅಂತ ಬಂದ್ರೆ ಆ ಗ್ರಾಮದ ಹೆಸರು ಪಟ್ಟಿಗೆ. ಲೆಕ್ಕ ಹಾಕಿ ನೋಡಿ, ಸಾವಿರ ಎಕರೆಯ ಗ್ರಾಮದಲ್ಲಿ ಮೇಲಿನ ಗುಡ್ಡದ ಇನ್ನೂರು ಎಕರೆ ಕಾಡು, ಕೆಳಗೆ ಎಂಟುನೂರು ಎಕರೆ ಗದ್ದೆ, ತೋಟ, ಮನೆ, ಶಾಲೆ, ಅಂಗಡಿ ಇದ್ರೂ ಇಡೀ ಗ್ರಾಮ ಪಟ್ಟಿಯಲ್ಲಿ ಬರುತ್ತೆ. ಮಲೆನಾಡಿನ ಗ್ರಾಮಗಳು ಇರೋದೇ ಹಾಗೆ, ಕಾನು, ಸೊಪ್ಪಿನ ಬೆಟ್ಟ, ಬಾಣೆ ಎಲ್ಲಾ ಸೇರಿಯೇ ಒಂದು ಊರು. ಮರದ ನೆರಳಲ್ಲಿ ಬೆಳೆಯೋ ಕಾಫಿ ತೋಟ ಮೇಲಿಂದ ನೋಡಿದ್ರೆ ಕಾಡಿನ ಥರವೇ ಕಾಣುತ್ತೆ, ನಾವು ಮರ ಉಳಿಸ್ಕೊಂಡಿದ್ದೇ ತಪ್ಪಾಯ್ತಾ ಅಂತ ಬೆಳೆಗಾರರು ಕೇಳೋದು ಅದಕ್ಕೇ.

ಇದನ್ನ ಸರಿ ಮಾಡೋಕೆ ದಾರಿ ಇತ್ತು, ಕೇರಳ ಅದನ್ನೇ ಮಾಡ್ತು. ಕಸ್ತೂರಿರಂಗನ್ ಲೆಕ್ಕದಲ್ಲಿ ಕೇರಳದ ಪಾಲು 13,108 ಚದರ ಕಿಲೋಮೀಟರ್ ಇತ್ತು. ಅಲ್ಲಿನ ಸರ್ಕಾರ ಉಮ್ಮನ್ ವಿ. ಉಮ್ಮನ್ ಅನ್ನೋ ವಿಜ್ಞಾನಿಯ ಸಮಿತಿ ಮಾಡಿ, ಸ್ಥಳ ಪರಿಶೀಲನೆ ನಡೆಸಿ, ಜನವಸತಿ ಮತ್ತು ತೋಟಗಳನ್ನ ಬಿಟ್ಟು ತನ್ನದೇ ನಕ್ಷೆ ಕೊಡ್ತು, ಕೇಂದ್ರ ಅದನ್ನ ಒಪ್ಪಿ 9,993.7ಕ್ಕೆ ಇಳಿಸ್ತು. ಆ ಇಳಿಸಿದ್ದು ಪರಿಸರಕ್ಕೆ ಒಳ್ಳೇದಾಯ್ತಾ ಅನ್ನೋದು ಬೇರೆ ಚರ್ಚೆ, ವಯನಾಡಿನ ಭೂಕುಸಿತದ ದುರಂತ ಆದ ಮಾರನೇ ದಿನವೇ ಆರನೇ ಕರಡು ಬಂದಿದ್ದು ಅಂತ ನೆನಪಿಟ್ಕೊಂಡ್ರೆ ಆ ಚರ್ಚೆ ಸುಲಭ ಅಲ್ಲ. ಆದ್ರೆ ಚೌಕಾಸಿ ಅಂತ ನೋಡಿದ್ರೆ ಕೇರಳ ಗೆರೆಯನ್ನ ಸರಿಸಿತು. ಕರ್ನಾಟಕ ಬೇಡ ಅಂತ ಹೇಳಿತೇ ಹೊರತು ಕೇರಳದ ಥರ ಕೇಂದ್ರ ಒಪ್ಪೋ ಇನ್ನೊಂದು ನಕ್ಷೆಯನ್ನ ಎದುರಿಗೆ ಇಡಲಿಲ್ಲ. ಯಾವ ಪಕ್ಷದ ಸರ್ಕಾರ ಇದ್ರೂ ನಿಲುವು ಒಂದೇ, ಈ ವಿಷಯದಲ್ಲಿ ಇಲ್ಲಿ ವಿರೋಧ ಪಕ್ಷ ಅನ್ನೋದೇ ಇಲ್ಲ. ಅದರ ಫಲ ಏನಂದ್ರೆ ಆರನೇ ಕರಡಲ್ಲೂ ಕರ್ನಾಟಕದ ಸಂಖ್ಯೆ ಅದೇ 20,668.

ಅದೇ ವಾರ ಬಂದ ಇನ್ನೊಂದು ಆದೇಶ

2024ರಲ್ಲಿ ಗೊಂದಲ ಇನ್ನಷ್ಟು ಗಟ್ಟಿಯಾಗೋಕೆ ಸಮಯವೂ ಕಾರಣ. ಜುಲೈ ಕೊನೇ ದಿನ ಕೇಂದ್ರದ ಕರಡು ಬಂತು, ಆಗಸ್ಟ್ ಮೊದಲ ವಾರದಲ್ಲೇ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಘಟ್ಟ ಪ್ರದೇಶದಲ್ಲಿ 2015ರ ನಂತರ ಆದ ಅರಣ್ಯ ಒತ್ತುವರಿ ತೆರವು ಮಾಡಿ ಅಂತ ಅಧಿಕಾರಿಗಳಿಗೆ ಸೂಚನೆ ಕೊಟ್ರು. ಒಂದು ಕೇಂದ್ರದ್ದು, ಇನ್ನೊಂದು ರಾಜ್ಯದ್ದು, ಒಂದು ಪರಿಸರ ಕಾಯ್ದೆ, ಇನ್ನೊಂದು ಅರಣ್ಯ ಕಾಯ್ದೆ, ಒಂದಕ್ಕೊಂದು ಕಾನೂನಿನ ಸಂಬಂಧ ಇಲ್ಲ. ಆದ್ರೆ ಊರಿನವರಿಗೆ ಕಂಡಿದ್ದು ಝೋನ್ ಬಂತು, ಹಿಂದೆಯೇ ತೆರವಿನ ನೋಟಿಸ್ ಬಂತು ಅನ್ನೋದು.

ಇದನ್ನ ಬರೀ ತಪ್ಪು ತಿಳುವಳಿಕೆ ಅನ್ನೋದು ಅನ್ಯಾಯ. ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ ಸಿ ಅಂಡ್ ಡಿ ಜಮೀನಿನ (ಸಾಗುವಳಿಗೆ ಯೋಗ್ಯ ಅಲ್ಲ ಅಂತ ವರ್ಗ ಮಾಡಿದ ಸರ್ಕಾರಿ ಜಾಗ) ತಕರಾರು, ಅರಣ್ಯ ಕಾಯ್ದೆಯ ಸೆಕ್ಷನ್ 4 ಅಧಿಸೂಚನೆಯಲ್ಲಿ, ಅಂದ್ರೆ ಮೀಸಲು ಅರಣ್ಯ ಮಾಡ್ತೀವಿ ಅನ್ನೋ ಮೊದಲ ಪ್ರಕಟಣೆಯಲ್ಲಿ ಸಿಕ್ಕಿಹಾಕ್ಕೊಂಡ ಸರ್ವೆ ನಂಬರುಗಳು, ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ತಾಲ್ಲೂಕು ಆಫೀಸಿಗೆ ಅಲೆದೋರು, ಹೀಗೆ ದಾಖಲೆ ಸರಿ ಇಲ್ಲದ ಜಮೀನು ಊರೂರಲ್ಲಿ ಇದೆ. ತಾತನ ಕಾಲದಿಂದ ಸಾಗುವಳಿ ಮಾಡ್ತಿರೋ ಜಾಗಕ್ಕೆ ಹಕ್ಕುಪತ್ರ ಇಲ್ಲದೇ ಇರೋನಿಗೆ ಇಎಸ್‌ಎಯಿಂದ ಒಡೆತನಕ್ಕೆ ಧಕ್ಕೆ ಇಲ್ಲ ಅಂತ ಹೇಳಿದ್ರೆ ಅವನಿಗೆ ಅದರಿಂದ ಏನು ಸಮಾಧಾನ, ಅವನ ಹತ್ರ ಕಾಗದದ ಒಡೆತನವೇ ಇಲ್ಲವಲ್ಲ. ನಾಳೆ ಪಕ್ಕದ ಕಾಡಿಗೂ ತನ್ನ ತೋಟಕ್ಕೂ ಸೇರಿ ಒಂದು ಹೊಸ ಹೆಸರು ಬಂದ್ರೆ ಅದನ್ನ ಹಿಡ್ಕೊಂಡು ಯಾರಾದ್ರೂ ಅಧಿಕಾರಿ ತಕರಾರು ತೆಗೀತಾರೆ ಅನ್ನೋದು ಅವನ ಲೆಕ್ಕ, ಕಾನೂನಲ್ಲಿ ಹಾಗಿಲ್ಲದೇ ಇದ್ರೂ ಅವನು ಕಂಡಿರೋ ವ್ಯವಸ್ಥೆ ಹಾಗೇ ನಡ್ಕೊಂಡಿದೆ. ಜಮೀನಿನ ಹಕ್ಕು ಇತ್ಯರ್ಥ ಮಾಡದೆ ಪರಿಸರದ ಗೆರೆ ಎಳೆದ್ರೆ ಎಷ್ಟೇ ಸೌಮ್ಯ ಗೆರೆ ಆದ್ರೂ ವಿರೋಧ ಬರುತ್ತೆ.

2013ರಿಂದಲೇ ಇರೋ ತಡೆ

ಹೆಚ್ಚಿನವರಿಗೆ ಗೊತ್ತೇ ಇಲ್ಲದ ಒಂದು ವಿಷಯ ಇದೆ. ಕರಡುಗಳು ಶುರು ಆಗೋಕೂ ಮುಂಚೆ, 2013ರ ನವೆಂಬರ್ 13ಕ್ಕೆ ಕೇಂದ್ರ ಸಚಿವಾಲಯ ಪರಿಸರ ಕಾಯ್ದೆಯ ಸೆಕ್ಷನ್ 5ರಡಿ ನೇರ ನಿರ್ದೇಶನ ಹೊರಡಿಸಿ, ಕಸ್ತೂರಿರಂಗನ್ ಸಮಿತಿ ಗುರುತಿಸಿದ ಜಾಗದಲ್ಲಿ ಇದೇ ಐದು ಬಗೆಯ ಹೊಸ ಕೆಲಸಗಳಿಗೆ, ಅಂದ್ರೆ ಗಣಿ ಮತ್ತು ಕ್ವಾರಿ, ಉಷ್ಣ ಸ್ಥಾವರ, ದೊಡ್ಡ ಕಟ್ಟಡ, ಟೌನ್‌ಶಿಪ್, ಕೆಂಪು ವರ್ಗದ ಕೈಗಾರಿಕೆಗೆ ತಡೆ ಹಾಕ್ತು. 2013ರ ಏಪ್ರಿಲ್ 17ಕ್ಕೆ ಮುಂಚೆ ಅರ್ಜಿ ಹಾಕಿದ್ದ ಪ್ರಸ್ತಾವನೆಗಳಿಗೆ ಮಾತ್ರ ವಿನಾಯಿತಿ. ಆಮೇಲೆ 2018ರ ಆಗಸ್ಟ್ 24ಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಕರಡಲ್ಲಿ ಹೇಳಿದ ಜಾಗವನ್ನ ಇನ್ನು ಕಮ್ಮಿ ಮಾಡಬೇಡಿ, ಪರಿಸರಕ್ಕೆ ಹಾನಿ ಮಾಡೋ ಕೆಲಸಕ್ಕೆ ಅಲ್ಲಿ ಅನುಮತಿ ಕೊಡಬೇಡಿ ಅಂತ ಆರೂ ರಾಜ್ಯಗಳಿಗೆ ಹೇಳ್ತು.

ಅಂದ್ರೆ ಕರಡು ಆರು ಸಲ ಬಂದು ಹೋಗ್ತಾ ಇರೋ ಹೊತ್ತಲ್ಲೇ ಅದರ ಮುಖ್ಯ ತಡೆಗಳು ಬೇರೆ ಬಾಗಿಲಿಂದ ಒಳಗೆ ಬಂದು ಕೂತಿವೆ. ಹಾಗಿದ್ರೂ ಈ ಪಟ್ಟಿಯ ಹಳ್ಳಿಗಳಲ್ಲಿ ಅಡಿಕೆ ಬೆಳೀತಾ ಇದ್ದಾರೆ, ಮನೆಗಳು ಏಳ್ತಾ ಇವೆ. ಸಂಪುಟ ಕರಡನ್ನ ತಿರಸ್ಕರಿಸಿದ್ರಿಂದ 2013ರ ನಿರ್ದೇಶನವೇನೂ ರದ್ದಾಗಲ್ಲ, ಯಾಕಂದ್ರೆ ಅದು ಕೇಂದ್ರದ್ದು, ರಾಜ್ಯದ ಒಪ್ಪಿಗೆ ಮೇಲೆ ನಿಂತಿದ್ದಲ್ಲ. ತಿರಸ್ಕಾರಕ್ಕೆ ರಾಜಕೀಯದಲ್ಲಿ ಬೆಲೆ ಇದೆ, ಕಾನೂನಿನಲ್ಲಿ ಅದು ಆಕ್ಷೇಪಣೆಗಳಲ್ಲಿ ಒಂದು ಆಕ್ಷೇಪಣೆ.

ಮುಂದೆ ಏನಾಗಬಹುದು

ಕರಡು ಅಧಿಸೂಚನೆಗೆ ಆಯಸ್ಸು ಇರುತ್ತೆ, ನಿಯಮದಲ್ಲಿ ಹೇಳಿದ ಅವಧಿಯೊಳಗೆ ಅಂತಿಮ ಮಾಡದೇ ಇದ್ರೆ ಅದು ಬಿದ್ದುಹೋಗುತ್ತೆ, ಮತ್ತೆ ಹೊಸದು ತರಬೇಕು, ಮತ್ತೆ 60 ದಿನ ಆಕ್ಷೇಪಣೆ. ಹತ್ತು ವರ್ಷದಲ್ಲಿ ಆರು ಕರಡು ಆಗಿದ್ದು ಹೀಗೆ. ರಾಜ್ಯಗಳ ಜೊತೆ ಮಾತಾಡಿ ಬಗೆಹರಿಸೋಕೆ ಅಂತ 2022ರಲ್ಲಿ ಮಾಜಿ ಅರಣ್ಯ ಮಹಾನಿರ್ದೇಶಕ ಸಂಜಯ್ ಕುಮಾರ್ ಅಧ್ಯಕ್ಷತೆಯಲ್ಲಿ ಕೇಂದ್ರ ಇನ್ನೊಂದು ಸಮಿತಿ ಮಾಡಿದೆ.

ಒಂದು ಸಾಧ್ಯತೆ, ಈ ಸುತ್ತು ಹೀಗೇ ಮುಂದುವರಿಯೋದು. ಕೇಂದ್ರಕ್ಕೆ ಕೋರ್ಟಿಗೆ ತೋರಿಸೋಕೆ ಒಂದು ಕರಡು ಇರುತ್ತೆ, ರಾಜ್ಯಕ್ಕೆ ಮತದಾರರಿಗೆ ತೋರಿಸೋಕೆ ಒಂದು ತಿರಸ್ಕಾರ ಇರುತ್ತೆ, ಇಬ್ಬರಿಗೂ ಅನುಕೂಲ. ನಷ್ಟ ಆಗೋದು ಹಳ್ಳಿಯವನಿಗೆ, ಪಟ್ಟಿಯಲ್ಲಿ ಹೆಸರು ಇದೆ ಅನ್ನೋ ಒಂದೇ ಕಾರಣಕ್ಕೆ ಜಾಗಕ್ಕೆ ಗಿರಾಕಿ ಹಿಂದೇಟು ಹಾಕೋದು, ಯಾವ ಕೆಲಸಕ್ಕೆ ಹೋದ್ರೂ ಯಾವುದಕ್ಕೂ ಎನ್‌ಒಸಿ ತನ್ನಿ ಅನ್ನೋ ಮಾತು ಕೇಳೋದು. ಎರಡನೇದು, ರಾಜ್ಯವಾರು ಅಂತಿಮ ಅಧಿಸೂಚನೆ, ಅಂದ್ರೆ ಒಪ್ಪಿದ ರಾಜ್ಯಗಳಿಗೆ ಮೊದಲು ಮಾಡಿ ಮುಗಿಸೋದು. ಹಾಗಾದ್ರೆ ಗಣಿ ಲಾಬಿಯ ಒತ್ತಡ ಬಾಕಿ ಉಳಿದ ರಾಜ್ಯಗಳ ಕಡೆ ತಿರುಗುತ್ತೆ. ಮೂರನೇದು, ಕೋರ್ಟ್ ಅಥವಾ ಹಸಿರು ಮಂಡಳಿ ಗಡುವು ಹಾಕಿ ಕೂರೋದು. 2022ರ ಒಂದು ಕಿಲೋಮೀಟರ್ ಆದೇಶ ನೋಡಿದವರಿಗೆ ಇದು ಆಗದ ಮಾತು ಅನ್ನಿಸಲ್ಲ. ಆಗ ಕೇಂದ್ರದ ಕೈಯಲ್ಲಿ ಇರೋದು ಶೇಕಡಾ 20ರ ಲೆಕ್ಕದ ಅದೇ ಹಳೇ ನಕ್ಷೆ, ಕರ್ನಾಟಕ ಊರೂರಿಗೆ ಹೋಗಿ ಸರ್ವೆ ನಂಬರ್ ಮಟ್ಟದಲ್ಲಿ ಕಾಡು ಎಲ್ಲಿ ಮುಗೀತು, ತೋಟ ಎಲ್ಲಿ ಶುರು ಆಯ್ತು ಅಂತ ಬರೆದುಕೊಟ್ಟ ನಕ್ಷೆ ಫೈಲಲ್ಲಿ ಇಲ್ಲದೇ ಇದ್ರೆ ಅಂತಿಮ ಆಗೋದೂ ಅದೇ.